ಮಂದ್ರದ ಪೆಟ್ಟಿಗೆಯೂ ಅದರ ಹೊರಗಿನ ಆಂಪ್ಲಿಫೈಯರೂ

ಮನೆಯ ಸಂಗೀತ ಮತ್ತು ಸಿನಿಮಾ ವ್ಯವಸ್ಥೆಗಳಲ್ಲಿ ಸಬ್‌ವೂಫರ್ ಎನಿಸಿಕೊಳ್ಳುವ ಪೆಟ್ಟಿಗೆ ಹೊರನೋಟಕ್ಕೆ ಒಂದೇ ವಸ್ತುವಾಗಿ ಕಂಡರೂ, ಅದರೊಳಗೆ ಸ್ವಭಾವವೂ ಆಯುಷ್ಯವೂ ಬೇರೆಬೇರೆಯಾದ ಎರಡು ಯಂತ್ರಗಳು ಒಂದೇ ಸೂರಿನಡಿ ಬಾಳುತ್ತವೆ. ಒಂದು, ಸೆಕೆಂಡಿಗೆ ಸುಮಾರು 20ರಿಂದ 120 ಸಲ ಕಂಪಿಸುವ ಮಂದ್ರ ಸ್ವರಗಳನ್ನು ಕೋಣೆಯ ಗಾಳಿಗೆ ದಾಟಿಸುವ ಧ್ವನಿವರ್ಧಕ. ಕಾಗದದ ಇಲ್ಲವೆ ಪ್ಲಾಸ್ಟಿಕ್ಕಿನ ಕೋನ್, ಅದರ ಬುಡಕ್ಕೆ ಸುತ್ತಿದ ತಾಮ್ರದ ಸುರುಳಿ, ಸುರುಳಿಯನ್ನು ಬಳಸಿ ನಿಂತ ಅಯಸ್ಕಾಂತ, ಇಷ್ಟೇ ಅದರ ಸಂಸಾರವಾದ್ದರಿಂದ ಒಳ್ಳೆಯ ಧ್ವನಿವರ್ಧಕವೊಂದು ಎರಡು ಮೂರು ದಶಕ ದುಡಿಯುವುದು ವಿಶೇಷವೇನಲ್ಲ. ಇನ್ನೊಂದು, ಕ್ಷೀಣವಾದ ವಿದ್ಯುತ್ ಸಂಕೇತವನ್ನು ಆ ಕೋನನ್ನು ಹಿಂದೆಮುಂದೆ ದೂಡುವಷ್ಟು ಬಲಪಡಿಸುವ ಆಂಪ್ಲಿಫೈಯರ್. ನೂರಾರು ಸಣ್ಣ ಬಿಡಿಭಾಗಗಳನ್ನು ಒಂದು ಬೋರ್ಡಿನ ಮೇಲೆ ಬೆಸುಗೆ ಹಾಕಿ ಕಟ್ಟಿದ ಈ ಯಂತ್ರ ಬಹುಪಾಲು ಸಂದರ್ಭಗಳಲ್ಲಿ ತನ್ನ ಸಂಗಾತಿಗಿಂತ ಮೊದಲೇ ಮೂಕವಾಗುತ್ತದೆ. ಹಾಗಾದಾಗ ಪೆಟ್ಟಿಗೆಯನ್ನೇ ಗುಜರಿಗೆ ಹಾಕುವವರು ಹೆಚ್ಚು. ಆದರೆ ಸತ್ತ ಆಂಪ್ಲಿಫೈಯರನ್ನು ಕಳಚಿ, ಹೊರಗಿನ ಬೇರೊಂದು ಆಂಪ್ಲಿಫೈಯರಿನಿಂದ ತಂತಿ ಎಳೆದು, ಜೀವ ಉಳಿದಿರುವ ಧ್ವನಿವರ್ಧಕವನ್ನು ಮತ್ತೆ ನುಡಿಸುವ ಪದ್ಧತಿಯೂ ಹವ್ಯಾಸಿಗಳಲ್ಲೂ ರಿಪೇರಿ ಕಸುಬಿನವರಲ್ಲೂ ಬೆಳೆದುಬಂದಿದೆ. ಮೇಲ್ನೋಟಕ್ಕೆ ತೇಪೆಯ ಕೆಲಸದಂತೆ ಕಾಣುವ ಈ ಪದ್ಧತಿ, ಧ್ವನಿವರ್ಧಕಗಳ ನೂರು ವರ್ಷಗಳ ಚರಿತ್ರೆಯನ್ನು ಬಲ್ಲವರಿಗೆ, ಹಳೆಯ ಮತ್ತು ಹೆಚ್ಚು ಸಹಜವಾದ ಒಂದು ಏರ್ಪಾಟಿಗೆ ಮರಳಿದಂತೆ ತೋರುತ್ತದೆ. ಏಕೆಂದರೆ ಈ ಎರಡು ಯಂತ್ರಗಳು ಒಮ್ಮೆ ಕೂಡಿ, ಒಮ್ಮೆ ಅಗಲಿ, ಪುನಃ ಕೂಡಿ ಬಾಳಿದವುಗಳೇ ಹೊರತು ಹುಟ್ಟಿನಿಂದ ಅವಳಿಗಳಲ್ಲ.

ಅಯಸ್ಕಾಂತದ ನಡುವೆ ತೂಗುವ ಸುರುಳಿಯಿಂದ ಶಬ್ದ ಹೊರಡಿಸುವ ವಿಧಾನಕ್ಕೆ ಆಲಿವರ್ ಲಾಡ್ಜ್ 1898ರಲ್ಲೇ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದಿದ್ದರೂ, ಅದನ್ನು ನುಡಿಸುವಷ್ಟು ಬಲವಾದ ಸಂಕೇತವನ್ನು ಕೊಡುವ ಯಂತ್ರ ಆಗ ಇರಲಿಲ್ಲ. ಲೀ ಡಿ ಫಾರೆಸ್ಟ್ 1906ರಲ್ಲಿ ರೂಪಿಸಿದ ಆಡಿಯಾನ್ ಎಂಬ ವಾಲ್ವ್, ಅಂದರೆ ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ವಿದ್ಯುತ್ ಹರಿವನ್ನು ನಿಯಂತ್ರಿಸುವ ಸಾಧನ, ಆ ಕೊರತೆಯನ್ನು ನೀಗುವ ದಾರಿಯನ್ನು ತೆರೆಯಿತು. ಕ್ಯಾಲಿಫೋರ್ನಿಯಾದ ನಾಪಾದಲ್ಲಿ ಕೆಲಸ ಮಾಡುತ್ತಿದ್ದ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ 1915ರಲ್ಲಿ ಚಲಿಸುವ ಸುರುಳಿಯ ಕಹಳೆಯನ್ನು ಸಾರ್ವಜನಿಕ ಸಭೆಗಳಲ್ಲಿ ಮೊಳಗಿಸಿದರು. ಹತ್ತು ವರ್ಷಗಳ ಬಳಿಕ, 1925ರಲ್ಲಿ, ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಪ್ರಕಟಿಸಿದ ಪ್ರಬಂಧವು, ಕಹಳೆಯ ನೆರವಿಲ್ಲದೆ ನೇರವಾಗಿ ಗಾಳಿಯನ್ನು ತಳ್ಳುವ ಕೋನಿನ ಧ್ವನಿವರ್ಧಕವನ್ನು ಶಾಸ್ತ್ರೀಯವಾಗಿ ವಿವರಿಸಿತು. ಇಂದು ಮೊಬೈಲಿನಿಂದ ಹಿಡಿದು ಚಿತ್ರಮಂದಿರದವರೆಗೆ ಕೇಳಿಬರುವ ಧ್ವನಿವರ್ಧಕಗಳಲ್ಲಿ ಹೆಚ್ಚಿನವು ಆ ಪ್ರಬಂಧದ ಸಂತಾನಗಳೇ ಆಗಿವೆ. ಈ ಲೇಖನದ ದೃಷ್ಟಿಯಿಂದ ಗಮನಾರ್ಹವಾದ ಸಂಗತಿಯೆಂದರೆ, ಆ ವಿನ್ಯಾಸವನ್ನು 1926ರಲ್ಲಿ ಮಾರುಕಟ್ಟೆಗೆ ತಂದ ರೇಡಿಯೋಲಾ 104 ಎಂಬ ಮಾದರಿ, ಸುಮಾರು ಒಂದು ವ್ಯಾಟ್ ಶಕ್ತಿಯ ಆಂಪ್ಲಿಫೈಯರನ್ನು ತನ್ನ ಪೆಟ್ಟಿಗೆಯೊಳಗೇ ಇಟ್ಟುಕೊಂಡಿತ್ತು. ಅಂದಿನ ರೇಡಿಯೊಗಳು ಕಹಳೆಗಳಿಗೆ ಸಾಲುವಷ್ಟು ಶಕ್ತಿಯನ್ನು ಮಾತ್ರ ಕೊಡುತ್ತಿದ್ದುದರಿಂದ ಹೊಸ ಕೋನ್ ತನ್ನ ಬುತ್ತಿಯನ್ನು ತಾನೇ ಹೊತ್ತುಕೊಂಡು ಬರಬೇಕಾಯಿತು. ಎರಡು ಯಂತ್ರಗಳ ಮೊದಲ ಕೂಡುವಿಕೆ ಇದು, ಮತ್ತು ಅದಕ್ಕಿದ್ದ ಕಾರಣ ಅನಿವಾರ್ಯತೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕ ಮತ್ತು ಇಂಗ್ಲೆಂಡುಗಳಲ್ಲಿ ಹೈಫೈ ಎಂಬ ಹೆಸರಿನಲ್ಲಿ, ಅಂದರೆ ಮೂಲ ನಾದಕ್ಕೆ ನಿಷ್ಠವಾದ ಮರುನುಡಿಕೆಯ ಹಂಬಲದಲ್ಲಿ ಹುಟ್ಟಿದ ಹವ್ಯಾಸವು ಈ ಜೋಡಿಯನ್ನು ಬೇರ್ಪಡಿಸಿತು. ಡಿ. ಟಿ. ಎನ್. ವಿಲಿಯಮ್‌ಸನ್ 1947ರಲ್ಲಿ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಪ್ರಕಟಿಸಿದ 15 ವ್ಯಾಟ್‌ಗಳ ವಾಲ್ವ್ ಆಂಪ್ಲಿಫೈಯರಿನ ನಕ್ಷೆಯನ್ನು ನೋಡಿ ಅಸಂಖ್ಯ ಹವ್ಯಾಸಿಗಳು ತಮ್ಮ ಮನೆಗಳಲ್ಲೇ ಅದನ್ನು ಕಟ್ಟಿಕೊಂಡರು. ಧ್ವನಿವರ್ಧಕವನ್ನು ಒಬ್ಬರಿಂದ, ಪೆಟ್ಟಿಗೆಯನ್ನು ಬಡಗಿಯಿಂದ, ಆಂಪ್ಲಿಫೈಯರನ್ನು ಮತ್ತೊಬ್ಬರಿಂದ ಪಡೆದು ಜೋಡಿಸುವುದೇ ಆ ಕಾಲದ ರೂಢಿಯಾಯಿತು. ಹೀಗೆ ಜೋಡಿಸಲು ಬೇಕಾಗಿದ್ದುದು ಎರಡೂ ಕಡೆಯವರು ಒಪ್ಪುವ ಒಂದು ಸಂಧಿಸ್ಥಾನ: ಪೆಟ್ಟಿಗೆಯ ಹಿಂದೆ ಎರಡು ತಿರುಪುಗಳು, ಅವುಗಳ ನಡುವೆ 4, 8 ಅಥವಾ 16 ಓಮ್ ಎಂದು ನಮೂದಿಸಿದ ಇಂಪೀಡೆನ್ಸ್, ಅಂದರೆ ಏರಿಳಿಯುವ ವಿದ್ಯುತ್ತಿಗೆ ಸುರುಳಿ ಒಡ್ಡುವ ತಡೆ. ಎರಡು ಅಪರಿಚಿತ ಯಂತ್ರಗಳು ಪರಸ್ಪರ ಹಾನಿಯಾಗದಂತೆ ಕೂಡಿ ದುಡಿಯಲು ಇಷ್ಟು ತಿಳಿದರೆ ಸಾಕಾಗಿತ್ತು. ಮುಂದೆ ಅರ್ಧ ಶತಮಾನ ಕಳೆದ ಮೇಲೆ ಸತ್ತ ಸಬ್‌ವೂಫರನ್ನು ಬದುಕಿಸುವವರಿಗೆ ಕೈಹಿಡಿಯುವುದು ಕೂಡ ಇದೇ ಹಳೆಯ ಒಪ್ಪಂದ.

ಆದರೆ ಮಂದ್ರ ಸ್ವರಕ್ಕೆ ತನ್ನದೇ ಆದ ಕಷ್ಟವಿದೆ, ಮತ್ತು ಆ ಕಷ್ಟವೇ ಆಂಪ್ಲಿಫೈಯರನ್ನು ಕ್ರಮೇಣ ಪೆಟ್ಟಿಗೆಯ ಕಡೆಗೆ ಎಳೆದ ಶಕ್ತಿ. 40 ಹರ್ಟ್ಸ್‌ನ ಒಂದು ಅಲೆ ಗಾಳಿಯಲ್ಲಿ ಎಂಟೂವರೆ ಮೀಟರ್‌ಗೂ ಹೆಚ್ಚು ಉದ್ದವಿರುತ್ತದೆ. ಅಂಥ ಅಲೆಯನ್ನು ಒಂದು ಅಡಿ ಅಗಲದ ಕೋನಿನಿಂದ ಎಬ್ಬಿಸಬೇಕಾದರೆ ಕೋನ್ ಬಹಳ ದೂರ ಚಲಿಸಬೇಕು. ಸ್ವರವನ್ನು ಒಂದು ಸ್ಥಾಯಿ ಕೆಳಗಿಳಿಸಿ ಅಷ್ಟೇ ಜೋರಾಗಿ ಕೇಳಿಸಬೇಕೆಂದರೆ ಕೋನಿನ ಚಲನೆ ನಾಲ್ಕು ಪಟ್ಟು ಹೆಚ್ಚಬೇಕು, ಎರಡು ಸ್ಥಾಯಿ ಇಳಿಸಿದರೆ ಹದಿನಾರು ಪಟ್ಟು. ಹಳೆಯ ಕಾಲದವರು ಇದಕ್ಕೆ ಕಂಡುಕೊಂಡ ಪರಿಹಾರ ಬೀರುವಿನಷ್ಟು ದೊಡ್ಡ ಪೆಟ್ಟಿಗೆ. ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ 1954ರಲ್ಲಿ ಹೊರತಂದ ಎಆರ್-1 ಎಂಬ ಮಾದರಿ ಈ ಪರಿಹಾರವನ್ನು ತಲೆಕೆಳಗು ಮಾಡಿತು: ಪೆಟ್ಟಿಗೆಯನ್ನು ಗಾಳಿಯಾಡದಂತೆ ಬಿಗಿದು, ಒಳಗೆ ಸಿಕ್ಕಿಕೊಂಡ ಗಾಳಿಯನ್ನೇ ಕೋನಿಗೆ ಸ್ಪ್ರಿಂಗಿನಂತೆ ಬಳಸಿಕೊಂಡು, ಕಪಾಟಿನಲ್ಲಿ ಕೂರುವಷ್ಟು ಚಿಕ್ಕ ಪೆಟ್ಟಿಗೆಯಿಂದ ಆಳವಾದ ನಾದವನ್ನು ಅದು ಹೊರಡಿಸಿತು. ಕ್ಲಾಸ್ ಮುಂದೆ 1957ರಲ್ಲಿ ಮ್ಯಾಲ್ಕಮ್ ಲೋ ಮತ್ತು ಆಂಟನ್ ಹಾಫ್‌ಮನ್ ಜೊತೆ ಸೇರಿ ಕೆಎಲ್‌ಎಚ್ ಕಂಪನಿಯನ್ನು ಆರಂಭಿಸಿದನು. ಮಹಾನ್ ಪಿಯಾನೊ ವಾದಕ ಯೋಸೆಫ್ ಹಾಫ್‌ಮನ್ನನ ಮಗನಾದ ಈ ಹಾಫ್‌ಮನ್ನನ ಹೆಸರಿನಲ್ಲಿ ಧ್ವನಿವರ್ಧಕ ಶಾಸ್ತ್ರದ ಕಬ್ಬಿಣದ ನಿಯಮವೊಂದು ಉಳಿದುಕೊಂಡಿದೆ. ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ, ಕಡಿಮೆ ವಿದ್ಯುತ್ತಿಗೆ ಹೆಚ್ಚು ಶಬ್ದ, ಈ ಮೂರರಲ್ಲಿ ಎರಡನ್ನು ಮಾತ್ರ ಆಯ್ದುಕೊಳ್ಳಬಹುದು ಎಂಬುದು ಆ ನಿಯಮದ ಸಾರ. ಲೆಕ್ಕದಲ್ಲಿ ಹೇಳುವುದಾದರೆ, ಪೆಟ್ಟಿಗೆಯನ್ನು ಅರ್ಧಕ್ಕಿಳಿಸಿದರೆ ಎರಡು ಪಟ್ಟು ಶಕ್ತಿ ಬೇಕು. ಪೆಟ್ಟಿಗೆಯನ್ನು ಹಾಗೆಯೇ ಇಟ್ಟು ನಾದದ ಆಳವನ್ನು ಒಂದು ಸ್ಥಾಯಿ ಹೆಚ್ಚಿಸಿದರೆ ಎಂಟು ಪಟ್ಟು ಬೇಕು. ಮನೆಗಳಲ್ಲಿ ಜಾಗ ದುಬಾರಿಯಾಗುತ್ತ, ವ್ಯಾಟ್ ಅಗ್ಗವಾಗುತ್ತ ಹೋದ ಕಾಲದಲ್ಲಿ ತಯಾರಕರು ಯಾವ ಎರಡನ್ನು ಆಯ್ದುಕೊಂಡರೆಂಬುದನ್ನು ಊಹಿಸುವುದು ಕಷ್ಟವಲ್ಲ.

ಇದೇ ಅವಧಿಯಲ್ಲಿ ಪೆಟ್ಟಿಗೆಯ ವಿನ್ಯಾಸ ಅಂದಾಜಿನಿಂದ ಗಣಿತಕ್ಕೆ ದಾಟಿತು. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಬರೆದ ಪ್ರಬಂಧ ಹತ್ತು ವರ್ಷ ಹೊರಜಗತ್ತಿನ ಗಮನಕ್ಕೆ ಹೆಚ್ಚಾಗಿ ಬಾರದೆ ಉಳಿದು, 1971ರಲ್ಲಿ ಅಮೆರಿಕದ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಮರುಮುದ್ರಣಗೊಂಡಿತು. ಸಿಡ್ನಿಯಲ್ಲಿ ಸಂಶೋಧನೆ ನಡೆಸಿದ ರಿಚರ್ಡ್ ಸ್ಮಾಲ್ 1972ರಿಂದ ಅದನ್ನು ವಿಸ್ತರಿಸಿದನು. ಧ್ವನಿವರ್ಧಕದ ಕೆಲವೇ ಅಳತೆಗಳು ಗೊತ್ತಿದ್ದರೆ ಅದು ಯಾವ ಪೆಟ್ಟಿಗೆಯಲ್ಲಿ ಎಷ್ಟು ಆಳಕ್ಕೆ ನುಡಿಯುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಬಹುದೆಂದು ಇವರಿಬ್ಬರ ಕೆಲಸ ತೋರಿಸಿಕೊಟ್ಟಿತು, ಮತ್ತು ಥೀಲ್-ಸ್ಮಾಲ್ ಅಳತೆಗಳೆಂದೇ ಹೆಸರಾದ ಆ ಸಂಖ್ಯೆಗಳು ಇಂದಿಗೂ ಬಹುಪಾಲು ಬಿಡಿ ಧ್ವನಿವರ್ಧಕಗಳ ಜೊತೆಗೆ ಅಚ್ಚಾಗಿ ಬರುತ್ತವೆ.

ಮಂದ್ರಕ್ಕೆಂದೇ ಪ್ರತ್ಯೇಕ ಪೆಟ್ಟಿಗೆ ಇಡುವ ಆಲೋಚನೆ 1960ರ ದಶಕದ್ದು. ಕ್ಯಾಲಿಫೋರ್ನಿಯಾದ ಎಲ್ ಸೆರಿಟೊ ಊರಿನ ರೇಮನ್ ಡೋನ್ಸ್ 1964ರಲ್ಲಿ ಅಂಥದೊಂದಕ್ಕೆ ಪೇಟೆಂಟ್ ಪಡೆದನು. ದಶಕದ ಕೊನೆಗೆ ಇನ್ಫಿನಿಟಿ ಕಂಪನಿಯ ಸರ್ವೊ-ಸ್ಟಾಟಿಕ್ ವ್ಯವಸ್ಥೆ 18 ಇಂಚಿನ ಮಂದ್ರ ಘಟಕದೊಡನೆ ಬಂದಿತು. 1973ರಲ್ಲಿ ಸ್ಟೀಲಿ ಡ್ಯಾನ್ ತಂಡದವರು ತಮ್ಮ ಧ್ವನಿಮುದ್ರಿಕೆಯ ಮಿಶ್ರಣಕ್ಕಾಗಿ ಲಾಸ್ ಏಂಜಲೀಸ್‌ನ ಮಿಲ್ಲರ್ ಮತ್ತು ಕ್ರೈಸೆಲ್ ಅವರಿಂದ ಸಬ್‌ವೂಫರ್ ಮಾಡಿಸಿಕೊಂಡರು. ಜನಸಾಮಾನ್ಯರ ಮೈಗೆ ಮಂದ್ರದ ಅನುಭವವನ್ನು ಮುಟ್ಟಿಸಿದ್ದು ಮಾತ್ರ ಸಿನಿಮಾ. 1974ರ ಅರ್ತ್‌ಕ್ವೇಕ್ ಚಿತ್ರಕ್ಕಾಗಿ ಯೂನಿವರ್ಸಲ್ ಸಂಸ್ಥೆ ರೂಪಿಸಿದ ಸೆನ್ಸರೌಂಡ್ ವ್ಯವಸ್ಥೆ ಪ್ರೇಕ್ಷಕರ ಆಸನಗಳನ್ನು ನಡುಗಿಸಿತು. 1977ರ ಸ್ಟಾರ್ ವಾರ್ಸ್ ಚಿತ್ರದ 70 ಎಂಎಂ ಪ್ರತಿಗಳಲ್ಲಿ ಡಾಲ್ಬಿ ಸಂಸ್ಥೆ ಮಂದ್ರಕ್ಕೆಂದೇ ಧ್ವನಿಪಥಗಳನ್ನು ಮೀಸಲಿಟ್ಟಿತು. ಚಿತ್ರಮಂದಿರಗಳಲ್ಲಿ ಆಂಪ್ಲಿಫೈಯರುಗಳು ಪ್ರೊಜೆಕ್ಟರ್ ಕೋಣೆಯ ಸ್ಟ್ಯಾಂಡುಗಳಲ್ಲಿದ್ದವೇ ಹೊರತು ಧ್ವನಿವರ್ಧಕದ ಪೆಟ್ಟಿಗೆಯೊಳಗಲ್ಲ. ಕೆಟ್ಟರೆ ಒಂದನ್ನು ಎಳೆದು ಇನ್ನೊಂದನ್ನು ತಳ್ಳಿದರೆ ಆಟ ಮುಂದುವರಿಯುತ್ತಿತ್ತು. ಮನೆಗಳಿಗೆ ಬಂದ ಮೊದಲ ಸಬ್‌ವೂಫರುಗಳಲ್ಲಿ ಕೂಡ ಬಹಳಷ್ಟು ಇದೇ ರೀತಿಯವು. 1987ರಲ್ಲಿ ಬಂದು ಜನಪ್ರಿಯವಾದ ಬೋಸ್ ಅಕೌಸ್ಟಿಮಾಸ್‌ನ ಮಂದ್ರ ಪೆಟ್ಟಿಗೆಯೊಳಗೆ ಆಂಪ್ಲಿಫೈಯರ್ ಇರಲಿಲ್ಲ, ರೇಡಿಯೊ ಮತ್ತು ಆಂಪ್ಲಿಫೈಯರ್ ಕೂಡಿದ ರಿಸೀವರಿನಿಂದ ಬಂದ ಸ್ಪೀಕರ್ ತಂತಿಯೇ ಅದನ್ನು ನಡೆಸುತ್ತಿತ್ತು.

ಹಾಗಿದ್ದರೆ ಆಂಪ್ಲಿಫೈಯರ್ ಮತ್ತೆ ಒಳಗೆ ಹೋದದ್ದು ಏಕೆ? ಇದಕ್ಕೆ ಕಬ್ಬಿಣದ ನಿಯಮದಷ್ಟೇ ಮುಖ್ಯವಾದ ಕಾರಣ, ಒಂದು ಸಣ್ಣ ಸಾಕೆಟ್ಟಿನಲ್ಲಿದೆ. 1992ರಲ್ಲಿ ಬ್ಯಾಟ್‌ಮನ್ ರಿಟರ್ನ್ಸ್ ಚಿತ್ರದೊಂದಿಗೆ ಚಿತ್ರಮಂದಿರ ಪ್ರವೇಶಿಸಿ, 1997ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಡಿವಿಡಿಯ ಮೂಲಕ ಮನೆಮನೆಗೆ ತಲುಪಿದ ಡಾಲ್ಬಿ ಡಿಜಿಟಲ್ ಪದ್ಧತಿಯನ್ನು 5.1 ಎಂದು ಕರೆಯುತ್ತಾರೆ. ಐದು ಪೂರ್ಣ ವಾಹಿನಿಗಳು, ಅವುಗಳ ಜೊತೆಗೆ 120 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳಿಗೆ ಮಾತ್ರ ಮೀಸಲಾದ ಆರನೆಯ ಕಿರುವಾಹಿನಿ ಎಂಬುದು ಅದರ ಅರ್ಥ. ಮನೆಯ ರಿಸೀವರುಗಳನ್ನು ತಯಾರಿಸಿದವರು ಐದು ವಾಹಿನಿಗಳಿಗೆ ಐದು ಆಂಪ್ಲಿಫೈಯರುಗಳನ್ನು ಕೊಟ್ಟರು, ಆರನೆಯದಕ್ಕೆ ಮಾತ್ರ ಬರಿಯ ಸಂಕೇತ ಹೊರಬರುವ ಒಂದು ಆರ್‌ಸಿಎ ಸಾಕೆಟ್ಟನ್ನು ಇಟ್ಟು ಕೈಬಿಟ್ಟರು. ಉಳಿದ ಐದಕ್ಕಿಂತ ಹೆಚ್ಚು ಶಕ್ತಿ ಬೇಡುವ ವಾಹಿನಿಯ ಹೊಣೆಯನ್ನು ಹೀಗೆ ಸಬ್‌ವೂಫರ್ ತಯಾರಕರ ಹೆಗಲಿಗೆ ದಾಟಿಸಿದ್ದರಿಂದ, ರೇಡಿಯೋಲಾ 104ರ ಕಾಲದ ಅನಿವಾರ್ಯತೆ ಎಪ್ಪತ್ತು ವರ್ಷಗಳ ಅನಂತರ ಮರುಕಳಿಸಿತು: ಮಂದ್ರದ ಪೆಟ್ಟಿಗೆ ಮತ್ತೆ ತನ್ನ ಬುತ್ತಿಯನ್ನು ತಾನೇ ಹೊರಬೇಕಾಯಿತು.

ಪೆಟ್ಟಿಗೆಯ ಹಿಂಬದಿಯಲ್ಲಿ ಚೌಕಾಕಾರದ ಕಿಂಡಿ ಕೊರೆದು, ಅಲ್ಯೂಮಿನಿಯಮ್ ತಗಡಿಗೆ ಜೋಡಿಸಿದ ಇಡೀ ಆಂಪ್ಲಿಫೈಯರನ್ನು ಅದರಲ್ಲಿ ಕೂರಿಸಿ ತಿರುಪಿನಿಂದ ಬಿಗಿಯುವ ಕ್ರಮ ಬೆಳೆಯಿತು. ಕಸುಬಿನವರು ಪ್ಲೇಟ್ ಆಂಪ್ಲಿಫೈಯರ್ ಎಂದು ಕರೆಯುವ ಇದು ಶಕ್ತಿಯನ್ನು ಒದಗಿಸುವುದರ ಜೊತೆಗೆ ಬೇರೆ ಕೆಲಸಗಳನ್ನೂ ಸದ್ದಿಲ್ಲದೆ ಮಾಡುತ್ತದೆ, ಮತ್ತು ಹೊರಗಿನ ಆಂಪ್ಲಿಫೈಯರ್ ಹಚ್ಚುವವರಲ್ಲಿ ಅನೇಕರು ಎಡವುವುದು ಈ ಸದ್ದಿಲ್ಲದ ಕೆಲಸಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇರುವುದರಿಂದ. ನಿಗದಿತ ಮಟ್ಟಕ್ಕಿಂತ ಮೇಲಿನ ಸ್ವರಗಳನ್ನು ತಡೆಯುವ ಕ್ರಾಸ್‌ಓವರ್ ಸೋಸುವಿಕೆ, ಚಿಕ್ಕ ಪೆಟ್ಟಿಗೆಯಲ್ಲಿ ಸೊರಗುವ ಅತಿ ಮಂದ್ರವನ್ನು ಎತ್ತಿ ಹಿಡಿಯುವ ಸಮೀಕರಣ, ಕೋನ್ ತನ್ನ ಎಲ್ಲೆ ಮೀರಿ ಹಾರದಂತೆ ಸಂಕೇತವನ್ನು ಅದುಮುವ ಮಿತಿಕಾರಕ, ಸಂಕೇತ ಬಂದೊಡನೆ ಎಚ್ಚರಗೊಂಡು ನಿಂತೊಡನೆ ನಿದ್ರಿಸುವ ಸ್ವಿಚ್ಚು, ಇವೆಲ್ಲ ಆ ತಗಡಿನ ಹಿಂದೆ ಅಡಗಿರುತ್ತವೆ. ಬೇರೆ ಮಾತಿನಲ್ಲಿ ಹೇಳುವುದಾದರೆ, ಆ ಪೆಟ್ಟಿಗೆಯ ಬಲಾಬಲಗಳನ್ನು ಬಲ್ಲ ವಿನ್ಯಾಸಕಾರನ ತಿಳಿವಳಿಕೆಯೇ ಅಲ್ಲಿ ಬೋರ್ಡಿನ ರೂಪದಲ್ಲಿ ನೆಲೆಸಿರುತ್ತದೆ.

ಈ ಐಕ್ಯ ಎಷ್ಟು ಬಿಗಿಯಾಗಬಲ್ಲದು ಎಂಬುದಕ್ಕೆ ಎರಡು ಉದಾಹರಣೆಗಳನ್ನು ನೋಡಬಹುದು. ಡೇವಿಡ್ ಹಾಲ್ 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿಸಿದ ವೆಲೋಡೈನ್ ಕಂಪನಿ ಧ್ವನಿವರ್ಧಕದ ಸುರುಳಿಗೇ ವೇಗೋತ್ಕರ್ಷವನ್ನು ಅಳೆಯುವ ಪುಟ್ಟ ಸಾಧನವನ್ನು ಅಂಟಿಸಿ, ಕೋನ್ ನಿಜವಾಗಿ ಹೇಗೆ ಚಲಿಸಿತು ಎಂಬ ವರದಿಯನ್ನು ಆಂಪ್ಲಿಫೈಯರಿಗೆ ಹಿಂದಿರುಗಿಸಿ, ತಪ್ಪನ್ನು ಆ ಕ್ಷಣದಲ್ಲೇ ತಿದ್ದಿಸುವ ಸರ್ವೊ ವಿಧಾನವನ್ನು ಮನೆಯ ಸಬ್‌ವೂಫರುಗಳಲ್ಲಿ ನೆಲೆಗೊಳಿಸಿತು. ಅದೇ ಹಾಲ್ ಮುಂದೆ ಚಾಲಕರಹಿತ ಕಾರುಗಳ ಸ್ಪರ್ಧೆಗೆಂದು ಲೇಸರ್ ಕಿರಣಗಳಿಂದ ಸುತ್ತಲಿನ ದೂರವನ್ನು ಅಳೆಯುವ ಲೈಡಾರ್ ಯಂತ್ರವನ್ನು ರೂಪಿಸಿ, ಧ್ವನಿಗಿಂತ ಆ ಕ್ಷೇತ್ರದಲ್ಲಿ ಹೆಚ್ಚು ಪ್ರಸಿದ್ಧನಾದದ್ದು ತಂತ್ರಜ್ಞಾನ ಚರಿತ್ರೆಯ ಸೊಗಸಾದ ತಿರುವುಗಳಲ್ಲಿ ಒಂದು. ಎರಡನೆಯ ಉದಾಹರಣೆ, ಬಾಬ್ ಕಾರ್ವರ್ 1990ರ ದಶಕದಲ್ಲಿ ಹೊರತಂದ ಸನ್‌ಫೈರ್: ಪ್ರತಿ ಬದಿಯೂ 11 ಇಂಚಿರುವ ಘನಾಕೃತಿಯೊಳಗೆ 2,700 ವ್ಯಾಟ್ ಎಂದು ಸಾರಿದ ಆಂಪ್ಲಿಫೈಯರನ್ನು ತುಂಬಿ, ಕಬ್ಬಿಣದ ನಿಯಮವನ್ನು ಅದರ ತುತ್ತತುದಿಯವರೆಗೆ ಎಳೆದ ಪೆಟ್ಟಿಗೆ ಅದು. ಇಂಥವುಗಳಲ್ಲಿ ಆಂಪ್ಲಿಫೈಯರ್ ಸತ್ತರೆ ಹೊರಗಿನ ಸಾಧಾರಣ ಆಂಪ್ಲಿಫೈಯರ್ ಶಬ್ದವನ್ನು ಹೊರಡಿಸಬಹುದಾದರೂ ಮೂಲದ ನಾದವನ್ನು ಮರಳಿಸಲಾರದು. ಧ್ವನಿವರ್ಧಕವು ತನ್ನ ಸಂಗಾತಿಯ ಜೊತೆ ಸಂಭಾಷಿಸುತ್ತಲೇ ನುಡಿಯುವಂತೆ ಕಟ್ಟಲ್ಪಟ್ಟಿರುವುದೇ ಇದಕ್ಕೆ ಕಾರಣ.

ಸಾಮಾನ್ಯ ಪ್ಲೇಟ್ ಆಂಪ್ಲಿಫೈಯರುಗಳು ಹಗುರವಾಗಿ, ತಂಪಾಗಿ, ಅಗ್ಗವಾಗಿ ಸಿಗುವಂತಾದದ್ದು ಡಿ ವರ್ಗದ ವಿನ್ಯಾಸದಿಂದ. ಸಂಕೇತವನ್ನು ಸೆಕೆಂಡಿಗೆ ಲಕ್ಷಾಂತರ ಸಲ ಆರಿಸಿ ಹೊತ್ತಿಸುವ ವಿದ್ಯುತ್ ತುಣುಕುಗಳಾಗಿ ಕತ್ತರಿಸಿ, ಆ ತುಣುಕುಗಳ ಅಗಲವನ್ನು ಏರಿಳಿಸಿ ಶಕ್ತಿ ಕೊಡುವ ಈ ವಿಧಾನವನ್ನು ಇಂಗ್ಲೆಂಡಿನ ಅಲೆಕ್ ರೀವ್ಸ್ 1950ರ ದಶಕದಲ್ಲಿ ಕಲ್ಪಿಸಿದ್ದನು. ಕ್ಲೈವ್ ಸಿಂಕ್ಲೇರನ ಸಂಸ್ಥೆ 1964ರಲ್ಲಿ ಎಕ್ಸ್-10 ಎಂಬ ಕಿಟ್ಟಿನ ರೂಪದಲ್ಲಿ ಮಾರಿದಾಗ ಅದರಿಂದ ಬಂದ ಶಕ್ತಿ 2.5 ವ್ಯಾಟ್ ಮಾತ್ರ. ವೇಗವಾಗಿ ಆರಿ ಹೊತ್ತಬಲ್ಲ ಮಾಸ್‌ಫೆಟ್ ಟ್ರಾನ್ಸಿಸ್ಟರುಗಳು ಬಂದ ಮೇಲಷ್ಟೇ ಆ ಕಲ್ಪನೆ ಫಲ ಕೊಟ್ಟಿತು. ಮಂದ್ರದ ಪೆಟ್ಟಿಗೆಗೆ ಇದು ಹೇಳಿ ಮಾಡಿಸಿದಂತಿತ್ತು, ಏಕೆಂದರೆ ಆ ಕಾಲದ ಡಿ ವರ್ಗದ ದೋಷಗಳು ಮೇಲುಸ್ವರಗಳಲ್ಲಿ ಕಾಣಿಸಿಕೊಳ್ಳುತ್ತಿದ್ದವೇ ಹೊರತು ಮಂದ್ರದಲ್ಲಲ್ಲ.

ಆದರೆ ಸಾವಿರ ಸಲ ನಡುಗುವ ಮರದ ಪೆಟ್ಟಿಗೆಯ ಬೆನ್ನಿಗೆ ಸೂಕ್ಷ್ಮವಾದ ಬೋರ್ಡೊಂದನ್ನು ಬಿಗಿಯುವುದು ಯಂತ್ರಧರ್ಮಕ್ಕೆ ಒಪ್ಪುವ ಕೆಲಸವಲ್ಲ ಎಂಬುದನ್ನು ವರ್ಷಗಳು ತೋರಿಸಿಕೊಟ್ಟವು. ವಿದ್ಯುತ್ತನ್ನು ಕೂಡಿಟ್ಟು ಬಿಡುವ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳೊಳಗಿನ ದ್ರಾವಣ ಬಿಸಿಗೆ ನಿಧಾನವಾಗಿ ಆರುತ್ತದೆ. ತಾಪಮಾನ 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳು ಒಪ್ಪಿಕೊಂಡ ಸ್ಥೂಲ ಸೂತ್ರ. ನಿದ್ರಿಸುತ್ತಿರುವಂತೆ ಕಾಣುವ ಸಬ್‌ವೂಫರಿನ ಒಂದು ಭಾಗ, ಸಂಕೇತ ಬಂದೀತೆಂದು ಹಗಲುರಾತ್ರಿ ಎಚ್ಚರವಾಗಿಯೇ ಇರುತ್ತದಾದ್ದರಿಂದ, ಯಾರೂ ಸಂಗೀತ ಕೇಳದ ತಿಂಗಳುಗಳಲ್ಲೂ ಅದರ ಬಿಡಿಭಾಗಗಳು ಸವೆಯುತ್ತಲೇ ಇರುತ್ತವೆ. 2000ದ ಆಸುಪಾಸಿನಲ್ಲಿ ದೋಷಪೂರ್ಣ ದ್ರಾವಣ ತುಂಬಿದ ಕೆಪ್ಯಾಸಿಟರುಗಳು ಜಗತ್ತಿನಾದ್ಯಂತ ಕಂಪ್ಯೂಟರುಗಳಿಂದ ಹಿಡಿದು ಅನೇಕ ಉಪಕರಣಗಳನ್ನು ಹಾಳುಗೆಡವಿದ್ದೂ, ಯುರೋಪಿನಲ್ಲಿ 2006ರ ಜುಲೈ 1ರಿಂದ ಸೀಸದ ಬೆಸುಗೆಗೆ ನಿರ್ಬಂಧ ಬಂದು ಸೀಸವಿಲ್ಲದ, ಹೆಚ್ಚು ಪೆಡಸಾದ ಬೆಸುಗೆ ಬಳಕೆಗೆ ಬಂದದ್ದೂ ಇದೇ ಕಾಲದ ಘಟನೆಗಳು. ತಯಾರಕರು ಹಳೆಯ ಮಾದರಿಗಳ ಬೋರ್ಡುಗಳನ್ನು ಕೆಲವು ವರ್ಷಗಳ ಬಳಿಕ ಇಡುವುದಿಲ್ಲ, ನಕ್ಷೆಗಳನ್ನು ಕೊಡುವುದೂ ಅಪರೂಪ. ಹೀಗಾಗಿ ಮರದ ಪೆಟ್ಟಿಗೆ ಗಟ್ಟಿಯಾಗಿ, ಕೋನ್ ಜೀವಂತವಾಗಿ, ಅಂಗೈಯಗಲದ ಬೋರ್ಡು ಮಾತ್ರ ಸತ್ತು, ಇಪ್ಪತ್ತು ಮೂವತ್ತು ಕಿಲೋ ತೂಕದ ಒಳ್ಳೆಯ ವಸ್ತು ಕಸವಾಗುವ ಪರಿಸ್ಥಿತಿ ಉಂಟಾಯಿತು. ಒಂದು ಸಣ್ಣ ಭಾಗದ ಸಾವನ್ನು ಇಡೀ ವಸ್ತುವಿನ ಸಾವೆಂದು ಒಪ್ಪಿಕೊಳ್ಳುವಂತೆ ಮಾಡಿದ ಈ ವಿನ್ಯಾಸಕ್ರಮ ನ್ಯಾಯವಾದುದಲ್ಲ ಎಂದೇ ಹೇಳಬೇಕಾಗುತ್ತದೆ.

ಹೊರಗಿನ ಆಂಪ್ಲಿಫೈಯರ್ ಹಚ್ಚುವ ಪದ್ಧತಿ ರೂಪುಗೊಂಡದ್ದು ಈ ಹಿನ್ನೆಲೆಯಲ್ಲಿ. ಅದರ ಮೊದಲ ಹಂತ ಸತ್ತದ್ದು ಯಾವುದು, ಬದುಕಿರುವುದು ಯಾವುದು ಎಂಬ ಪರೀಕ್ಷೆ. ವಿದ್ಯುತ್ ಸಂಪರ್ಕ ತಪ್ಪಿಸಿ, ತಗಡನ್ನು ಬಿಚ್ಚಿ, ಧ್ವನಿವರ್ಧಕಕ್ಕೆ ಹೋಗುವ ಎರಡು ತಂತಿಗಳನ್ನು ಕಳಚಿ ಮಲ್ಟಿಮೀಟರ್ ಹಿಡಿದರೆ, 8 ಓಮ್‌ನ ಸುರುಳಿ ಸುಮಾರು 6 ಓಮ್ ತೋರಿಸುತ್ತದೆ, 4 ಓಮ್‌ನದು 3ರ ಆಸುಪಾಸು ತೋರಿಸುತ್ತದೆ. ಏನೂ ತೋರಿಸದಿದ್ದರೆ ಸುರುಳಿಯೇ ಸುಟ್ಟಿದೆಯೆಂದು ತಿಳಿಯಬೇಕು. ಒಂದೂವರೆ ವೋಲ್ಟಿನ ಸಾಧಾರಣ ಸೆಲ್ಲನ್ನು ಕ್ಷಣಮಾತ್ರ ತಂತಿಗಳಿಗೆ ಮುಟ್ಟಿಸಿದಾಗ ಕೋನ್ ಹೊರಕ್ಕೆ ಸರಿದರೆ ಸೆಲ್ಲಿನ ಧನ ತುದಿ ಮುಟ್ಟಿದ ತಂತಿಯೇ ಧನ ತಂತಿ ಎಂಬುದು ರೇಡಿಯೊ ಕಾಲದಿಂದ ಬಂದ ಸರಳ ಉಪಾಯ. ಬಿಚ್ಚಿದ ಬೋರ್ಡಿನ ಬಗ್ಗೆ ಮಾತ್ರ ಅಪಾರ ಎಚ್ಚರ ಬೇಕು. 230 ವೋಲ್ಟಿನ ಮನೆಯ ವಿದ್ಯುತ್ತು ಅಲ್ಲಿ ಸುಮಾರು 325 ವೋಲ್ಟಿನ ನೇರ ವಿದ್ಯುತ್ತಾಗಿ ದೊಡ್ಡ ಕೆಪ್ಯಾಸಿಟರಿನಲ್ಲಿ ಕೂಡಿರುತ್ತದೆ, ಮತ್ತು ಪ್ಲಗ್ಗನ್ನು ಕಿತ್ತ ಮೇಲೂ ಸ್ವಲ್ಪ ಕಾಲ ಅಲ್ಲಿಯೇ ಉಳಿದಿರಬಹುದು.

ಎರಡನೆಯ ಹಂತ ತಕ್ಕ ಆಂಪ್ಲಿಫೈಯರಿನ ಆಯ್ಕೆ. ಹಲವರು ಮೂಲೆಯಲ್ಲಿ ದೂಳು ತಿನ್ನುತ್ತಿರುವ ಹಳೆಯ ಸ್ಟೀರಿಯೊ ಆಂಪ್ಲಿಫೈಯರನ್ನು ಬಳಸುತ್ತಾರೆ. ಹೆಚ್ಚು ಶಕ್ತಿ ಬೇಕೆನ್ನುವವರು ವೇದಿಕೆಗಳಲ್ಲಿ ಬಳಸುವ ವೃತ್ತಿಪರ ಪವರ್ ಆಂಪ್ಲಿಫೈಯರನ್ನು ತರುತ್ತಾರೆ. ಇಂಡಿಯಾನಾದ ಕ್ರೌನ್ ಕಂಪನಿ 1967ರಲ್ಲಿ ಹೊರತಂದ ಡಿಸಿ-300 ಎಂಬ ಮಾದರಿ, 8 ಓಮ್‌ಗೆ ಪ್ರತಿ ವಾಹಿನಿಗೆ 150 ವ್ಯಾಟ್ ಕೊಡುತ್ತ, ಈ ವರ್ಗದ ಟ್ರಾನ್ಸಿಸ್ಟರ್ ಯಂತ್ರಗಳಿಗೆ ಹಾದಿ ಹಾಕಿತ್ತು. ಇಂಥ ಯಂತ್ರಗಳ ಎರಡು ವಾಹಿನಿಗಳನ್ನು ಒಂದಾಗಿ ಸೇರಿಸಿ ಹೆಚ್ಚು ಶಕ್ತಿ ಪಡೆಯುವ ಬ್ರಿಜ್ ವಿಧಾನದಲ್ಲಿ ಒಂದು ಸೂಕ್ಷ್ಮವಿದೆ: ಆಗ ಪ್ರತಿ ವಾಹಿನಿಗೂ ಧ್ವನಿವರ್ಧಕದ ಇಂಪೀಡೆನ್ಸಿನ ಅರ್ಧವಷ್ಟೇ ಕಾಣುತ್ತದೆ, ಅಂದರೆ 4 ಓಮ್‌ನ ಸಬ್‌ವೂಫರ್ 2 ಓಮ್‌ನಂತೆ ವರ್ತಿಸುತ್ತದೆ, ಮತ್ತು ಅದಕ್ಕೆ ಸಿದ್ಧವಾಗಿಲ್ಲದ ಆಂಪ್ಲಿಫೈಯರ್ ಕಾದು ಕೆಡುತ್ತದೆ. ವ್ಯಾಟ್‌ಗಳ ವಿಷಯದಲ್ಲಿ ಅತಿಯಾದ ಆಸೆಯೂ ವ್ಯರ್ಥ. 100 ವ್ಯಾಟ್ 200 ಆದರೆ ಶಬ್ದದಲ್ಲಿ ಹೆಚ್ಚುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಅದು ತುಸು ಜೋರಾದಂತೆ ತೋರುತ್ತದೆ ಅಷ್ಟೆ.

ಮೂರನೆಯದು ಮತ್ತು ಎಲ್ಲಕ್ಕಿಂತ ಗಹನವಾದದ್ದು, ಸತ್ತ ಬೋರ್ಡು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಗಳನ್ನು ಬೇರೆಡೆ ಮಾಡಿಸುವುದು. ಮೇಲುಸ್ವರಗಳನ್ನು ಸೋಸುವ ಕೆಲಸವನ್ನು ರಿಸೀವರೇ ಮಾಡಬಲ್ಲದು. ಸಿನಿಮಾ ಧ್ವನಿಯ ಗುಣಮಟ್ಟಕ್ಕಾಗಿ ರೂಪಿಸಿದ ಟಿಎಚ್‌ಎಕ್ಸ್ ಪ್ರಮಾಣಗಳಿಂದ ಜನಪ್ರಿಯವಾದ 80 ಹರ್ಟ್ಸ್‌ನ ಗಡಿಯನ್ನು ಇಂದಿನ ಬಹುಪಾಲು ರಿಸೀವರುಗಳಲ್ಲಿ ಆಯ್ದುಕೊಳ್ಳಬಹುದು. ಮುಖ್ಯ ಧ್ವನಿವರ್ಧಕಗಳ ಜೊತೆ ಹೊಂದಿಕೆಗಾಗಿ ಬೇಕಾಗುವ ಫೇಸ್ ಬದಲಾವಣೆಯನ್ನು, ಹಳೆಯ ತಗಡಿನ ಮೇಲೆ 0 ಮತ್ತು 180 ಎಂದು ಬರೆದಿದ್ದ ಸ್ವಿಚ್ಚಿಗೆ ಬದಲಾಗಿ, ಕೆಂಪು ಮತ್ತು ಕಪ್ಪು ತಂತಿಗಳನ್ನು ಅದಲುಬದಲು ಮಾಡಿ ಸಾಧಿಸಬಹುದು. ಉಳಿದಿರುವುದು ಸಮೀಕರಣ. ಚಿಕ್ಕದಾದ, ಬಿಗಿದ ಪೆಟ್ಟಿಗೆಯೊಂದಕ್ಕೆ ಮೂಲ ಬೋರ್ಡು 30 ಹರ್ಟ್ಸ್‌ನ ಬಳಿ ಹಲವು ಡೆಸಿಬೆಲ್ ಎತ್ತರಿಸಿ ಕೊಡುತ್ತಿದ್ದರೆ, ಹೊರಗಿನ ಆಂಪ್ಲಿಫೈಯರ್ ಹಚ್ಚಿದ ದಿನ ಅದು ಬಡವಾಗಿ ಕೇಳಿಸುತ್ತದೆ, ಮತ್ತು ಕೇಳುಗರು ತಪ್ಪನ್ನು ಆಂಪ್ಲಿಫೈಯರಿನ ಮೇಲೆ ಹೊರಿಸುತ್ತಾರೆ. ಹ್ಯೂಲೆಟ್-ಪ್ಯಾಕಾರ್ಡ್ ಕಂಪನಿಯ ಎಂಜಿನಿಯರ್ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ 1970ರ ದಶಕದಲ್ಲಿ ವಿವರಿಸಿದ, ಬಿಗಿದ ಪೆಟ್ಟಿಗೆಯ ಸಹಜ ಇಳಿಕೆಯನ್ನು ಗಣಿತದಿಂದ ಅಳೆದು ಅದಕ್ಕೆ ವಿರುದ್ಧವಾದ ಏರಿಕೆಯನ್ನು ಸಂಕೇತಕ್ಕೆ ಮೊದಲೇ ಕೊಡುವ ವಿಧಾನ ಇಲ್ಲಿ ಕೈಗೆ ಬರುತ್ತದೆ; ಅಂದು ಬಿಡಿಭಾಗಗಳಿಂದ ಕಟ್ಟಬೇಕಾಗಿದ್ದ ಅದನ್ನು ಇಂದು ಅಂಗೈಯಲ್ಲಿ ಹಿಡಿಯುವ ಡಿಜಿಟಲ್ ಸಂಸ್ಕಾರಕವೊಂದರಲ್ಲಿ ನಮೂದಿಸಿದರೆ ಮುಗಿಯಿತು. ಕೊಳವೆಯ ಕಿಂಡಿಯುಳ್ಳ ಪೆಟ್ಟಿಗೆಯ ರೋಗ ಇದಕ್ಕೆ ವಿರುದ್ಧವಾದದ್ದು. ಆ ಕೊಳವೆ ಅನುರಣಿಸುವ ಮಟ್ಟಕ್ಕಿಂತ ಕೆಳಗಿನ ಸ್ವರಗಳಲ್ಲಿ ಗಾಳಿಯ ಆಸರೆ ತಪ್ಪಿ ಕೋನ್ ಲಂಗುಲಗಾಮಿಲ್ಲದೆ ಹಾರಾಡುತ್ತದೆ; ಅಂಥ ಸ್ವರಗಳನ್ನು ಮೊದಲೇ ತಡೆಯುವ ಸೋಸುವಿಕೆ ಇಲ್ಲದೆ ಬಲವಾದ ಆಂಪ್ಲಿಫೈಯರ್ ಹಚ್ಚಿದರೆ, ಬೋರ್ಡಿನ ಸಾವಿನಿಂದ ಪಾರಾಗಿದ್ದ ಕೋನ್ ರಿಪೇರಿಯ ಕೈಯಲ್ಲೇ ಹರಿಯುತ್ತದೆ.

ಕರ್ನಾಟಕಕ್ಕೆ ಈ ಚರಿತ್ರೆಯ ನಂಟು ಎರಡು ದಾರಿಗಳಿಂದ ಬಂದಿದೆ. ಇಲ್ಲಿ ಆಂಪ್ಲಿಫೈಯರ್ ಮತ್ತು ಧ್ವನಿವರ್ಧಕಗಳು ಜನಬಳಕೆಯಲ್ಲಿ ಎಂದೂ ಪೂರ್ತಿಯಾಗಿ ಒಂದಾದದ್ದೇ ಇಲ್ಲ. ಮದುವೆ, ಜಾತ್ರೆ, ಗಣೇಶೋತ್ಸವ, ಯಕ್ಷಗಾನ ಬಯಲಾಟಗಳಿಗೆ ಬಾಡಿಗೆಗೆ ಬರುವ ಮೈಕ್ ಸೆಟ್ಟಿನಲ್ಲಿ ಆಂಪ್ಲಿಫೈಯರ್ ಒಂದು ಪೆಟ್ಟಿಗೆ, ಕಹಳೆ ಅಥವಾ ಬಾಕ್ಸು ಇನ್ನೊಂದು. ಒಂದು ಕೆಟ್ಟರೆ ಇನ್ನೊಂದಕ್ಕೆ ಹಾನಿಯಿಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ದೇಶದಲ್ಲೇ ತಯಾರಿಸತೊಡಗಿದ ಮೇಲೆ, ಕೈಯಿಂದ ಆಂಪ್ಲಿಫೈಯರ್ ಕಟ್ಟುವ ಕಸುಬಿಗೆ ಇಂಬು ದೊರೆಯಿತು. ಎಸ್.ಪಿ. ರಸ್ತೆ ಎಂದೇ ಹೆಸರಾದ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ಟ್ರಾನ್ಸ್‌ಫಾರ್ಮರ್, ಬೋರ್ಡು, ಕ್ಯಾಬಿನೆಟ್ಟು, ಐಸಿಗಳು ಬಿಡಿಬಿಡಿಯಾಗಿ ಸಿಗುತ್ತವೆ. ಸಾನ್ಯೊ ಕಂಪನಿಯ ಎಸ್‌ಟಿಕೆ ಸರಣಿಯ ಐಸಿಗಳು, ಟಿಡಿಎ 2030ರಂಥ ಚಿಪ್ಪುಗಳು, 5200 ಮತ್ತು 1943 ಎಂಬ ಟ್ರಾನ್ಸಿಸ್ಟರ್ ಜೋಡಿ, ಇವುಗಳ ಹೆಸರನ್ನು ಸಣ್ಣ ಊರಿನ ರೇಡಿಯೊ ರಿಪೇರಿ ಅಂಗಡಿಯವರೂ ಮನೆಮಕ್ಕಳ ಹೆಸರಿನಂತೆ ಬಲ್ಲರು. ಹೀಗೆ ಅಸೆಂಬಲ್ ಮಾಡಿದ ಆಂಪ್ಲಿಫೈಯರಿಗೆ ಬಡಗಿ ಮಾಡಿಕೊಟ್ಟ ಬಾಕ್ಸು ಜೋಡಿಸಿ ಮನೆಯ ಸಿನಿಮಾ ವ್ಯವಸ್ಥೆ ಕಟ್ಟಿಕೊಂಡವರಿಗೆ, ಹೊರಗಿನ ಆಂಪ್ಲಿಫೈಯರಿನಿಂದ ಸಬ್‌ವೂಫರ್ ನಡೆಸುವುದು ಹೊಸ ವಿದ್ಯೆಯಾಗಿ ತೋರಲಾರದು.

ಎರಡನೆಯ ದಾರಿ ವಲಸೆಯದು. ಅಮೆರಿಕದಲ್ಲಿ ವರ್ಷಗಟ್ಟಲೆ ನೆಲೆಸಿ ಊರಿಗೆ ಮರಳುವ ಕನ್ನಡಿಗರ ಸಾಮಾನುಗಳೊಡನೆ ಅಲ್ಲಿನ 120 ವೋಲ್ಟಿಗೆಂದೇ ಮಾಡಿದ ಸಬ್‌ವೂಫರುಗಳೂ ಬರುತ್ತವೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇಲ್ಲದೆ, ಅರಿಯದೆ ನೇರವಾಗಿ ಇಲ್ಲಿನ ಗೋಡೆಗೆ ಚುಚ್ಚಿದಾಗ, ಎರಡು ಪಟ್ಟು ಒತ್ತಡಕ್ಕೆ ಒಳಗಿನ ಕೆಪ್ಯಾಸಿಟರುಗಳು ಸಿಡಿದು ಬೋರ್ಡು ಕ್ಷಣದಲ್ಲಿ ಸುಡುತ್ತದೆ. ಧ್ವನಿವರ್ಧಕಕ್ಕೆ ಮಾತ್ರ ದೇಶಗಳ ನಡುವಿನ ವೋಲ್ಟೇಜ್ ಭೇದ ತಿಳಿಯದು, ಅದಕ್ಕೆ ತಿಳಿದಿರುವುದು ಓಮ್‌ಗಳ ಭಾಷೆ ಮಾತ್ರ. ಆದ್ದರಿಂದ ಇಲ್ಲಿ ಕೊಂಡ ಅಥವಾ ಇಲ್ಲೇ ಕಟ್ಟಿದ ಆಂಪ್ಲಿಫೈಯರಿನಿಂದ ಅದು ನಿಶ್ಚಿಂತೆಯಾಗಿ ನುಡಿಯುತ್ತದೆ.

ಎಲ್ಲ ಕೆಲಸಗಳೂ ಮುಗಿದ ಮೇಲೆ ಪೆಟ್ಟಿಗೆಯ ಬೆನ್ನಿನಲ್ಲಿ, ಹಳೆಯ ತಗಡು ಇದ್ದ ಜಾಗದಲ್ಲಿ, ಚೌಕಾಕಾರದ ಕಿಂಡಿಯೊಂದು ಉಳಿಯುತ್ತದೆ. ಅದನ್ನು ತೆರೆದೇ ಬಿಟ್ಟರೆ ಒಳಗಿನ ಗಾಳಿಯ ಸ್ಪ್ರಿಂಗು ಮಾಯವಾಗಿ ಎಲ್ಲ ಲೆಕ್ಕವೂ ತಪ್ಪುವುದರಿಂದ, ಪೆಟ್ಟಿಗೆಯಷ್ಟೇ ದಪ್ಪದ ಎಂಡಿಎಫ್ ಹಲಗೆಯನ್ನು ಅಳತೆಗೆ ಕೊಯ್ದು, ಅಂಚಿಗೆ ಫೋಮಿನ ಪಟ್ಟಿ ಅಂಟಿಸಿ, ಹಳೆಯ ತಿರುಪಿನ ತೂತುಗಳಲ್ಲೇ ಗಾಳಿ ನುಸುಳದಂತೆ ಬಿಗಿಯಬೇಕು. ಆ ಹಲಗೆಯ ನಡುವೆ ಕೊರೆಯಬೇಕಾದ ತೂತುಗಳು ಎರಡೇ. ಎಪ್ಪತ್ತು ವರ್ಷಗಳ ಹಿಂದಿನ ಹೈಫೈ ಪೆಟ್ಟಿಗೆಗಳ ಬೆನ್ನಿನಲ್ಲಿದ್ದಂತೆ, ಒಂದು ಧನ ತಂತಿಗೆ, ಇನ್ನೊಂದು ಋಣ ತಂತಿಗೆ.